ಟೈಮ್‌ಔಟಿನ ಗುಟ್ಟು

ಚೆಂಡು ಉದ್ದಣ್ಣನ ಕೈಗೆ ಬರುವ ಮೊದಲೇ ಎದುರಾಳಿಗಳು ಮೂವರು ಅವನ ಸುತ್ತ ನಿಂತಿದ್ದರು.

ಕೋಚ್ ಕಣ್ಣಾರೆ ಕಂಡ. ಚೆಂಡನ್ನು ಉದ್ದಣ್ಣನಿಗೇ ಕೊಡುವ ಆ ಉಪಾಯವನ್ನು ಆತ ಟೈಮ್‌ಔಟಿನ ಬಿಡುವಿನಲ್ಲಿ ಆಗಷ್ಟೇ ಬೋರ್ಡಿನ ಮೇಲೆ ಬರೆದು ತೋರಿಸಿದ್ದ. ಅಭ್ಯಾಸದಲ್ಲೂ ಆಡಿಸಿರಲಿಲ್ಲ. ಮತ್ತೆ ಅವರಿಗೆ ಗೊತ್ತಾದದ್ದು ಹೇಗೆ? ಹೀಗಾದದ್ದು ಇದೇ ಮೊದಲೂ ಅಲ್ಲ. ಒಂದೇ ಪಾಯಿಂಟಿನಲ್ಲಿ ಆಟ ಕೈತಪ್ಪಿತು. ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಲೀಗಿನ ಫೈನಲ್‌ನ ಮೂರು ಆಟಗಳಲ್ಲಿ ಒಂದು ಇವರಿಗೆ, ಒಂದು ಅವರಿಗೆ. ಉಳಿದದ್ದು ನಾಳಿದ್ದಿನದು, ಅದೂ ಇದೇ ಅಂಕಣದಲ್ಲಿ.

ಡ್ರೆಸ್ಸಿಂಗ್ ರೂಮಿನಲ್ಲಿ ಮುಲಾಮಿನ ಘಾಟು.

"ಉಂಡ ಮನೆ ಜಂತೆ ಎಣಿಸೋನು ನಮ್ಮಲ್ಲೇ ಇದ್ದಾನೆ," ಎಂದ ಕೋಚ್.

ಗಿಡ್ಡ ತಲೆ ತಗ್ಗಿಸಿದ. ತಂಡಕ್ಕೆಲ್ಲ ಕುಳ್ಳನಾದ್ದರಿಂದ ಅವನಿಗೆ ಆ ಹೆಸರು. ಅವನ ಅಕ್ಕನ ಗಂಡ ಎದುರು ತಂಡದಲ್ಲಿ ಸಹಾಯಕ ಕೋಚ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಲ್ಲ, ಕೋಚಿಗೆ ಇನ್ನೇನು ಸಾಕ್ಷಿ ಬೇಕು?

"ನಾಳೆ ನಿನ್ನ ಸಾಮಾನು ಖಾಲಿ ಮಾಡು."

"ಸರ್, ನಾನು ಯಾರಿಗೂ ಏನೂ ಹೇಳಿಲ್ಲ. ಈ ಅಪವಾದ ಹೊತ್ಕೊಂಡು ಹೋದ್ರೆ ಯಾವ ತಂಡನೂ ನನ್ನ ಸೇರಿಸಲ್ಲ. ಆಟನೇ ಮುಗೀತು."

ಕೋಚ್ ತಿರುಗಿಯೂ ನೋಡಲಿಲ್ಲ. ಆದರೆ ಮನಸ್ಸು ಕೇಳಬೇಕಲ್ಲ? ಮನೆಗೆ ಬಂದವನೇ ತನ್ನ ಅಕ್ಕನ ಮುಂದೆ ಎಲ್ಲ ಹೇಳಿಕೊಂಡ. ಅಕ್ಕ ಪೊಲೀಸ್ ಇಲಾಖೆಯಲ್ಲಿ ಕಳ್ಳರ ಬೆನ್ನು ಹತ್ತಿಯೇ ತಲೆ ನರೆಸಿಕೊಂಡವಳು. ಬ್ಯಾಸ್ಕೆಟ್‌ಬಾಲ್ ಅವಳಿಗೆ ಅಷ್ಟಕ್ಕಷ್ಟೇ.

"ಇದು ಯಾವಾಗಿಂದ ಶುರು?"

"ಗಿಡ್ಡ ರಜೆ ಮುಗಿಸಿ ಬಂದಾಗಿಂದ. ಅಪ್ಪನ ಕಣ್ಣಿನ ಆಪರೇಷನ್ ಅಂತ ಹೋಗಿದ್ದ. ಆಗ ಭಾವನ್ನ ಕಂಡಿರ್ತಾನೆ."

"ಈ ಒಂದು ತಂಡಕ್ಕೆ ಮಾತ್ರ ಗೊತ್ತಾಗ್ತಿತ್ತಾ?"

"ಇಲ್ಲ, ಇಲ್ಲಿಗೆ ಬಂದ ಬೇರೆಯವರಿಗೂ."

"ಎಲ್ಲಾ ತಂಡದಲ್ಲೂ ಅವನಿಗೆ ಭಾವಂದಿರಿದ್ದಾರೇನೋ?"

ಕೋಚ್ ಬೂಟಿನ ಲೇಸು ಬಿಚ್ಚತೊಡಗಿದ.

"ಬೇರೆ ಊರಿಗೆ ಹೋದಾಗ?"

"ಅಲ್ಲಿ ಏನೂ ಆಗಿಲ್ಲ. ಇಲ್ಲಿ ಆಡಿದಾಗ ಮಾತ್ರ."

"ಗಿಡ್ಡ ಅಲ್ಲಿಗೂ ಬರ್ತಾನೆ ತಾನೆ?"

ಅಕ್ಕ ಆ ದಿನದ ಆಟದ ವಿಡಿಯೋ ಹಾಕಲು ಹೇಳಿದಳು.

"ಧ್ವನಿ ಎಲ್ಲಿ?"

"ಬರೀ ಗಲಾಟೆ ಅಕ್ಕಾ, ತಲೆ ಸಿಡಿಯುತ್ತೆ. ನಾನು ಯಾವಾಗ್ಲೂ ಧ್ವನಿ ತೆಗೆದೇ ನೋಡೋದು."

"ಹಾಕು."

ಕೊನೆಯ ಟೈಮ್‌ಔಟ್ ಬಂದಾಗ ಅಕ್ಕ ಕಣ್ಣು ಮುಚ್ಚಿದಳು. ನಿದ್ದೆ ಹೋದಳೋ ಏನೋ ಎಂದುಕೊಂಡ ಕೋಚ್.

"ಇನ್ನೊಂದ್ಸಲ ಹಾಕು," ಎಂದಳು ಕಣ್ಣು ಬಿಡದೆಯೇ. ಆಮೇಲೆ ಕೇಳಿದಳು, "ಆ ಡ್ರಮ್ ಬಾರಿಸೋರು ಯಾರು?"

"ಗಿಡ್ಡನ ಅಪ್ಪ. ನಮ್ಮ ಬೆಂಚಿನ ಹಿಂದಿನ ಸಾಲಲ್ಲೇ ಕೂರ್ತಾರೆ. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ತಾಳ ಕಟ್ಟಿದ್ದಾರೆ. ಉದ್ದಣ್ಣನಿಗೆ ನಿಧಾನ, ಗಿಡ್ಡನಿಗೆ ಚುರುಕು. ಊರಿಗೆಲ್ಲ ಗೊತ್ತು, ಇಲ್ಲಿ ಆಡೋಕೆ ಬರೋರಿಗೂ."

"ನಾಳೆ ಅಪ್ಪ ಮಗ ಇಬ್ಬರನ್ನೂ ಕರೆಸು."

ಮರುದಿನ ಖಾಲಿ ಗ್ಯಾಲರಿಯಲ್ಲಿ ನಾಲ್ವರೇ. ಗಿಡ್ಡನ ಕಾಲ ಬಳಿ ಅವನ ಸಾಮಾನಿನ ಚೀಲ. ಅಕ್ಕ ನೇರವಾಗಿ ವಿಷಯಕ್ಕೆ ಬಂದಳು.

"ಗುಟ್ಟು ಬಿಟ್ಟುಕೊಟ್ಟಿದ್ದು ನಿಮ್ಮ ಡ್ರಮ್ಮು, ಯಜಮಾನ್ರೇ."

ಮುದುಕ ಬೆಚ್ಚಿದ. "ನನ್ನದಾ?"

"ಟೈಮ್‌ಔಟ್ ಮುಗಿದು ಚೆಂಡು ಒಳಗೆ ಬರೋಕೆ ಮುಂಚೆನೇ ನೀವು ಉದ್ದಣ್ಣನ ತಾಳ ಶುರು ಮಾಡಿದ್ರಿ. ಚೆಂಡು ಅವನಿಗೇ ಹೋಗುತ್ತೆ ಅಂತ ನಿಮಗೆ ಹೇಗೆ ಗೊತ್ತು? ಬೋರ್ಡು ನೋಡಿಯೇ ಅಲ್ವಾ? ಮೊದಲೂ ಅಲ್ಲೇ ಕೂರ್ತಿದ್ರಿ, ಆದರೆ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆದಮೇಲೆ ಎಲ್ಲಾ ಕಾಣುತ್ತೆ. ಬೇರೆ ಊರಿನ ಆಟಕ್ಕೆ ನೀವು ಹೋಗಲ್ಲ, ಅಲ್ಲಿ ಗುಟ್ಟೂ ಹೊರಗೆ ಬರಲಿಲ್ಲ." ತಮ್ಮನತ್ತ ತಿರುಗಿದಳು. "ಕಿವಿ ಮುಚ್ಕೊಂಡು ಕಳ್ಳನ್ನ ಹುಡುಕಿದೆ ಕಣೋ ನೀನು."

ಮುದುಕ ಮಗನ ತೋಳು ಹಿಡಿದುಕೊಂಡ. "ಹುಡುಗ್ರಿಗೆ ಹುರುಪು ಬರ್ಲಿ ಅಂತ ಮುಂಚೆನೇ ಶುರು ಮಾಡ್ತಿದ್ದೆ. ಕಣ್ಣು ಕಾಣ್ತಲ್ಲ ಅನ್ನೋ ಖುಷಿ. ಕಣ್ಣು ಕೊಡಿಸಿದ ಮಗನ ಕುತ್ತಿಗೆಗೇ ತಂದೆನಲ್ಲಪ್ಪ. ಇನ್ನು ಡ್ರಮ್ ಮುಟ್ಟಲ್ಲ."

"ಬಿಡಪ್ಪಾ, ನಿಂಗೇನು ಗೊತ್ತಿತ್ತು," ಎಂದ ಗಿಡ್ಡ.

ಕೋಚಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಚೀಲವನ್ನು ತಾನೇ ಎತ್ತಿ ಹೆಗಲಿಗೆ ಹಾಕಿಕೊಂಡ. "ತಪ್ಪಾಯ್ತು ಕಣೋ. ನಡಿ, ಅಭ್ಯಾಸಕ್ಕೆ ಹೊತ್ತಾಯ್ತು."

"ಯಜಮಾನ್ರೇ," ಎಂದಳು ಅಕ್ಕ, "ನಾಳೆ ನೀವು ಬಾರಿಸಲೇಬೇಕು. ಕೊನೆಗೆ ಬೋರ್ಡಲ್ಲಿ ಯಾರ ಹೆಸರೇ ಇರ್ಲಿ, ಚೆಂಡು ಬೀಳೋವರೆಗೂ ಉದ್ದಣ್ಣನ ತಾಳನೇ ಬಾರಿಸಿ."

ಮರುದಿನ ಗ್ಯಾಲರಿ ಕಿಕ್ಕಿರಿದಿತ್ತು. ಕೊನೆಯ ಟೈಮ್‌ಔಟ್. ಒಂದು ಪಾಯಿಂಟ್ ಹಿಂದೆ. ಕೋಚ್ ಬೋರ್ಡಿನ ಮೂಲೆಯಲ್ಲಿ ದೊಡ್ಡದಾಗಿ ಬರೆದ: ಗಿಡ್ಡ.

ಇಡೀ ಋತುವಿನಲ್ಲಿ ಕೊನೆಯ ಎಸೆತಕ್ಕೆ ಆ ಹೆಸರು ಬಂದದ್ದು ಅದೇ ಮೊದಲು. ಹಿಂದಿನ ಸಾಲಿನಲ್ಲಿ ಮುದುಕ ಅದನ್ನು ಓದಿದ. ಎತ್ತಿದ ಕೋಲುಗಳು ಅಲ್ಲೇ ನಿಂತವು. ಕೋಚ್ ಓರೆಗಣ್ಣಿನಲ್ಲಿ ನೋಡಿದ. ಕೊನೆಯ ಎಸೆತಕ್ಕೆ ಮಗನ ತಾಳ ಬಾರಿಸಲೆಂದೇ ಕಾದವನಲ್ಲವೇ ಆತ? ಕೈ ತಡೆದೀತೇ?

ನಿಧಾನದ ಪೆಟ್ಟು ಬಿತ್ತು. ಮತ್ತೊಂದು. ಉದ್ದಣ್ಣನ ತಾಳ.

ಎದುರಾಳಿಗಳು ಮೂವರು ಉದ್ದಣ್ಣನತ್ತ ಓಡಿದರು. ಮೂಲೆಯಲ್ಲಿ ಗಿಡ್ಡ ಒಬ್ಬನೇ. ಚೆಂಡು ಅವನ ಕೈಗೆ ಬಂತು, ಮೇಲೇರಿತು, ಬಲೆಯೊಳಗಿಂದ ಇಳಿಯಿತು. ಆಟ ಮುಗಿದ ಗಂಟೆ ಹೊಡೆಯಿತು.

ತಂಡವೆಲ್ಲ ಅಂಕಣಕ್ಕೆ ನುಗ್ಗಿದರೂ ಕೋಚ್ ಹಿಂದಕ್ಕೆ ತಿರುಗಿದ. ಮುದುಕ ಇನ್ನೂ ಉದ್ದಣ್ಣನ ತಾಳವನ್ನೇ ಬಾರಿಸುತ್ತಿದ್ದ. ಮಗನನ್ನು ಕಂಡರೆ ಕೈ ತಪ್ಪೀತೆಂದು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ.

ಕೋಚ್ ಅವನ ಭುಜ ಹಿಡಿದ.

"ಕಣ್ಣು ಬಿಡಿ ಯಜಮಾನ್ರೇ, ಬಿತ್ತು. ಈಗ ನಿಮ್ಮ ಮಗನದು ಬಾರಿಸಿ."