ಸ್ಟಿಕರ್ ಕಿತ್ತ ವಾಚು

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುವುದು ವಾಸಿ.

ವಾಚಿನ ಬೆನ್ನಿಗೆ ಕಂಪನಿಯವರು ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಸ್ಟಿಕರನ್ನು ನಾನೇ ಕಿತ್ತೆ. ಅದಿದ್ದರೆ ವಾಚನ್ನು ಯಾರೂ ಕಟ್ಟಿಲ್ಲವೆಂದು ಅರ್ಥ. ಕೊಳ್ಳುವವರು ಅದಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ. ಆದರೆ ಅದನ್ನು ತೆಗೆಯದೆ ಬೆನ್ನು ಬಿಚ್ಚಲಾಗದು, ಬಿಚ್ಚದೆ ಒಣಗಿದ ಎಣ್ಣೆ ತೊಳೆಯಲಾಗದು. ವಾಚು ಉಸಿರುಕಟ್ಟಿ ನಿಂತಿತ್ತು. ವಾಚಿನ ಜೊತೆ ಬಂದ ಚೀಟಿಯಲ್ಲಿ 'ಪರೀಕ್ಷೆ ಮಾತ್ರ' ಎಂದಿದ್ದದ್ದು ಕಣ್ಣಿಗೆ ಬಿದ್ದಿತ್ತು. ಬಿದ್ದೂ ಕಿತ್ತೆ.

"ಯಾರನ್ನ ಕೇಳಿ ಕಿತ್ರಿ?"

ಕೌಂಟರಿನ ಆಚೆ ನಿಂತವರಿಗೆ ನಾನು ಮನಸ್ಸಿನಲ್ಲೇ ಇಟ್ಟ ಹೆಸರು ಲಾಕರ್ ಸಾಹೇಬರು. ಮೂವತ್ತೊಂದು ದುಬಾರಿ ವಾಚು, ಎಲ್ಲವೂ ಬ್ಯಾಂಕಿನ ಲಾಕರಿನಲ್ಲಿ. ಮಣಿಕಟ್ಟು ಮಾತ್ರ ಬೋಳು. ಎರಡು ವರ್ಷದಿಂದ ತಿಂಗಳಿಗೊಮ್ಮೆ ಬಂದು ನನ್ನೊಡನೆ ಜಗಳ ಕಾಯುತ್ತಿದ್ದರು. ಅವರು ಬರುವ ದಿನ ಮಾತ್ರ ನಾನು ಇಸ್ತ್ರಿ ಮಾಡಿದ ಬಟ್ಟೆ ಹಾಕುತ್ತಿದ್ದೆ. ಏಕೆಂದು ನನ್ನನ್ನೇ ಕೇಳಿಕೊಂಡಿರಲಿಲ್ಲ.

"ನಿಂತುಹೋಗಿತ್ತು, ಸರ್."

"ನಿಂತಿರಲಿ! ಓಡಿ ಯಾವ ಊರಿಗೆ ಹೋಗಬೇಕಿತ್ತು ಅದು?"

"ಓಡದ ವಾಚು ಯಾಕೆ ಬೇಕು ನಿಮಗೆ?"

"ಐದು ವರ್ಷ ಬಿಟ್ಟು ಮಾರೋಕೆ. ಸೈಟು ಇದ್ದ ಹಾಗೆ."

"ಹಾಗಾದ್ರೆ ಸೈಟೇ ತಗೋಬೇಕಿತ್ತು. ಅದಕ್ಕೆ ಎಣ್ಣೆ ಹಾಕೋದು ಬೇಡ."

ಅವರ ಎಡಗಿವಿ ಕೆಂಪಾಯಿತು. ಸಿಟ್ಟು ಬಂದರೆ ಎಡಗಿವಿ ಮೊದಲು, ಬಲಗಿವಿ ಆಮೇಲೆ. ಇಷ್ಟನ್ನೆಲ್ಲ ಗಮನಿಸುವುದು ನನ್ನ ಕೆಲಸವಲ್ಲ, ಗೊತ್ತು.

"ವಾಚ್ ಡಾಕ್ಟರಮ್ಮ, ನಾಲಿಗೆ ಉದ್ದ ಆಯ್ತು. ಮಾಡಿದ್ದನ್ನೆಲ್ಲ ಬರೆದುಕೊಡಿ. ನಿಮ್ಮ ಅಂಗಡಿ ಯಜಮಾನರಿಗೆ ತೋರಿಸ್ತೀನಿ. ನಾಳೆಯಿಂದ ಈ ಕುರ್ಚಿ ಖಾಲಿ."

ರಿಪೇರಿ ಮೇಜಿನ ಈ ಕುರ್ಚಿಗಾಗಿ ನಾಲ್ಕು ವರ್ಷ ಕಾದಿದ್ದೆ. ಆದರೂ ಬರೆಯಲು ಕೂತೆ. ಅರ್ಧಂಬರ್ಧ ಬರೆಯುವುದು ನನಗೆ ಬಾರದು. ಸ್ಟಿಕರ್ ಕಿತ್ತದ್ದು, ತೊಳೆದದ್ದು, ಎಲ್ಲೆಲ್ಲಿ ಎಣ್ಣೆ ಬಿಟ್ಟೆನೆಂಬುದು. ಕೊನೆಗೆ ಹೀಗೆ ಬರೆದೆ: 'ವಾಚು ಓಡತೊಡಗಿದ ಮೇಲೆ ಹತ್ತು ನಿಮಿಷ ಕಿವಿಗೆ ಹಿಡಿದು ಕೂತಿದ್ದೆ. ಅದು ಕೆಲಸಕ್ಕಲ್ಲ, ಸಂತೋಷಕ್ಕೆ. ಆ ಹತ್ತು ನಿಮಿಷದ ಕೂಲಿ ಲೆಕ್ಕಕ್ಕೆ ಹಿಡಿದಿಲ್ಲ. ಇದನ್ನು ಕಟ್ಟಿಕೊಳ್ಳದವರ ಮೇಲೆ ಆಗ ನನಗೆ ಬಹಳ ಸಿಟ್ಟು ಬಂತು. ಆಮೇಲೆ ಮರುಕ ಬಂತು.'

ಅವರು ಓದಿದರು. ಮತ್ತೊಮ್ಮೆ ಓದಿದರು.

"ಮರುಕನಾ? ನನ್ನ ಮೇಲೆ?"

"ಎಲ್ಲಾನೂ ಬರೀರಿ ಅಂದ್ರಲ್ಲ."

ಅವರು ವಾಚನ್ನು ಕಸಿದುಕೊಂಡು ಕಿವಿಗೆ ಹಿಡಿದರು. ಬೈಯಲು ತೆರೆದಿದ್ದ ಬಾಯಿ ಹಾಗೇ ನಿಂತಿತು. ಕಣ್ಣು ಮುಚ್ಚಿದರು. ಆ ರೆಪ್ಪೆಗಳನ್ನು ನಾನು ಎಷ್ಟು ಹೊತ್ತು ನೋಡಿದೆನೋ.

"ಮೊದಲನೇ ವಾಚನ್ನ ಇಷ್ಟಪಟ್ಟೇ ತಗೊಂಡಿದ್ದೆ," ಎಂದರು ಸಿಡುಕಿನಿಂದಲೇ. "ಗೀರು ಬೀಳುತ್ತೆ ಅಂತ ಒಳಗಿಟ್ಟೆ. ಆಮೇಲೆ ಒಳಗಿಡೋದೇ ಅಭ್ಯಾಸ ಆಯ್ತು."

ಅಷ್ಟರಲ್ಲಿ ಯಜಮಾನರು ಹೊರಗೆ ಬಂದರು. "ಏನಮ್ಮಾ ಗಲಾಟೆ?"

ನಾನು ಕುರ್ಚಿಯಿಂದ ಎದ್ದು ನಿಂತೆ.

"ಏನಿಲ್ಲ," ಎಂದರು ಲಾಕರ್ ಸಾಹೇಬರು. "ಸ್ಟಿಕರ್ ಕೀಳಿ ಅಂತ ನಾನೇ ಹೇಳಿದ್ದೆ."

"ಇಲ್ಲ ಸರ್, ಇವರು ಹೇಳಿರ್ಲಿಲ್ಲ." ನನ್ನ ಬಾಯಿಗಿಷ್ಟು ಮಣ್ಣು ಹಾಕ!

"ಒಂದು ಸುಳ್ಳು ಕೊಟ್ರೆ ಇಟ್ಕೊಳ್ಳೋಕೂ ಬರಲ್ವೇನ್ರಿ ನಿಮಗೆ?" ಅವರು ಹಲ್ಲು ಕಡಿದರು. ನನ್ನ ಕಾಗದವನ್ನು ಮಡಚಿ ಎದೆಜೇಬಿಗೆ ಹಾಕಿಕೊಂಡರು. "ಯಜಮಾನ್ರೇ, ವಾಚು ನನ್ನದು. ನನ್ನ ತಕರಾರಿಲ್ಲ. ಇವರ ಮಾತು ಕೇಳಬೇಡಿ."

ಯಜಮಾನರು ಇಬ್ಬರ ಮುಖವನ್ನೂ ನೋಡಿ, ಬಾರದ ಫೋನನ್ನು ಕಿವಿಗಿಟ್ಟುಕೊಂಡು ಒಳಗೆ ಹೋದರು.

ಲಾಕರ್ ಸಾಹೇಬರು ಕೈ ಚಾಚಿದರು. "ಕಟ್ಟಿ."

ಕಟ್ಟಿದೆ. ವಾಚು ಮುಂಗೈ ಮೇಲೆ ಜಾರಿತು. "ಚೈನಿನ ಎರಡು ಕೊಂಡಿ ತೆಗೀಬೇಕು," ಎಂದೆ. ಅವರ ಮಣಿಕಟ್ಟು ಬಿಸಿಯಾಗಿತ್ತು. ಆಮೇಲೆ ಕೊಂಡಿ ಬಿಚ್ಚುವಾಗ ಸ್ಕ್ರೂ ಎರಡು ಸಲ ಕೈಜಾರಿತು; ಇಷ್ಟು ವರ್ಷದಲ್ಲಿ ಹಾಗಾಗಿದ್ದಿಲ್ಲ.

"ಈ ಕೊಂಡಿಗಳು ಜೋಪಾನ. ಮಾರುವಾಗ ಬೇಕಾಗುತ್ತೆ," ಎಂದೆ.

"ನೀವೇ ಇಟ್ಕೊಳ್ಳಿ."

"ಹಾಗಾದ್ರೆ ರಸೀದಿ ಬರೀಬೇಕು."

"ಬರೆದ್ರೆ ನೋಡಿ ಮತ್ತೆ! ರಸೀದಿ ಇದ್ರೆ ಒಂದೇ ಸಲ ಬಂದು ತಗೊಂಡು ಹೋಗ್ಬೇಕು. ಇಲ್ದಿದ್ರೆ, ಕೊಡಿ ಕೊಡಿ ಅಂತ ದಿನಾ ಜಗಳಕ್ಕೆ ಬರಬಹುದು."

ನಾನು ರಸೀದಿ ಪುಸ್ತಕ ಮುಚ್ಚಿದೆ.

"ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆಗೀತೀವಿ," ಎಂದೆ, ಆದಷ್ಟು ಗಡುಸಾಗಿ. "ತಡ ಮಾಡಬೇಡಿ."