ಬಿಳಿ ಜೇಡಿ ಬೆರೆತ ಅದಿರು

೧೯೩೮ನೇ ಇಸವಿ ಮಾರ್ಚ್ ೧೧, ಶುಕ್ರವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮಳವಳ್ಳಿ ಠಾಣೆಗೆ ಬಂದ ಕಸ್ತೂರಿರಂಗ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಮದ್ದೂರು ರಸ್ತೆಯಲ್ಲಿದ್ದ ಅಲ್ಯೂಮಿನಾ ಕಾರ್ಖಾನೆಗೆ ಆತ ರಸಾಯನ ಪರೀಕ್ಷಕ. ಮುಂಬಯಿಯ ಮಾಲೀಕರಿಗೆ ಕಳಿಸಿದ್ದ ಬಾಕ್ಸೈಟ್ ಅದಿರಿನ ಮಾದರಿಯಲ್ಲಿ ಯಾರೋ ಏನೋ ಬೆರೆಸಿದ್ದಾರೆ, ಅದನ್ನು ನೋಡಿ ಅವರು ಕಾರ್ಖಾನೆ ಮುಚ್ಚಲು ಹೊರಟಿದ್ದಾರೆ ಎಂದು ದೂರು ಕೊಟ್ಟ. ಎಫ್.ಐ.ಆರ್. ಬರೆಯುತ್ತಾ ಸಬ್ ಇನ್ಸ್‌ಪೆಕ್ಟರ್ ಮಹದೇವಯ್ಯ, ಮಣ್ಣಿಗೆ ಮಣ್ಣು ಬೆರೆಸಿದ್ದಕ್ಕೂ ಪೊಲೀಸರು ಬೇಕಾಯಿತಲ್ಲ ಎಂದು ಒಳಗೇ ನಕ್ಕರು. ಆ ನಗು ಕಾರ್ಖಾನೆಯ ಗೇಟಿನವರೆಗೂ ಉಳಿಯಲಿಲ್ಲ. ಅರವತ್ತು ಜನ ಕೂಲಿಗಳು ಕೆಲಸವಿಲ್ಲದೆ ಬೇಲಿಗೊರಗಿ ಕೂತಿದ್ದರು.

ಕಸ್ತೂರಿರಂಗ ಪರೀಕ್ಷೆ ಮಾಡಿಯೇ ತೋರಿಸಿದ. ಮಾದರಿ ತೆಗೆದ ರಾಶಿಯಿಂದಲೇ ಕುಟ್ಟದೆ ಹೆಂಟೆಯಾಗಿ ಎತ್ತಿಟ್ಟಿದ್ದ ಅದಿರನ್ನು ಪುಡಿಮಾಡಿ, ಲವಣದೊಂದಿಗೆ ಕಾಯಿಸಿ, ಆಮ್ಲದಲ್ಲಿ ಕರಗಿಸಿದ. ಪೆರಾಕ್ಸೈಡಿನ ಹನಿ ಬಿದ್ದದ್ದೇ ದ್ರಾವಣ ಕಡು ಹಳದಿಯಾಯಿತು. ಅದು ಟೈಟಾನಿಯಂ. ಮುಂಬಯಿಗೆ ಕಳಿಸಿ ಉಳಿದ ಪುಡಿಗೆ ಹಳದಿ ತೆಳುವಾಗಿಯೇ ಬಂತು, ಆದರೆ ತಳದಲ್ಲಿ ಕರಗದೆ ನಿಂತ ಸಿಲಿಕಾ ಮೊದಲಿನದರ ಮೂರು ಪಟ್ಟಿತ್ತು. ಟೈಟಾನಿಯಂ ಕೆಸರಿನ ಜೊತೆ ಹೊರಗೆ ಹೋಗುತ್ತದೆ, ಹೇಗೋ ಸುಧಾರಿಸಬಹುದು. ಸಿಲಿಕಾ ಹಾಗಲ್ಲ, ಅದಿರು ಕರಗಿಸುವ ದುಬಾರಿ ಕಾಸ್ಟಿಕ್ ಸೋಡಾವನ್ನೇ ನುಂಗಿಬಿಡುತ್ತದೆ ಎಂದ.

ಹನ್ನೆರಡೂಕಾಲಿಗೆ ಅದಿರು ಕುಟ್ಟುವ ಕೋಣೆಯ ಪಂಚನಾಮೆ ಆಯಿತು. ಒರಳಿನ ಬಿರುಕಿನಲ್ಲಿ ಬಿಳಿ ಜೇಡಿ ಸಿಕ್ಕಿಕೊಂಡಿತ್ತು. ದಫೇದಾರ್ ಮರಿಯಯ್ಯ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ ಸೀದಾ ಕೂಲಿಗಳ ಸಾಲುಮನೆಗೆ ನಡೆದ. ಶುಕ್ರವಾರವಾದ್ದರಿಂದ ಎಲ್ಲರ ಒಲೆಯೂ ಜೇಡಿ ಬಳಿದು ಬೆಳ್ಳಗಿತ್ತು. ಅದಿರು ಕುಟ್ಟುವ ಸಣ್ಣತಾಯಮ್ಮನ ಒಲೆ ಮಾತ್ರ ಬೋಳಾಗಿತ್ತು. ಹಲಗೂರಿನಿಂದ ಮಂಕರಿಗಟ್ಟಲೆ ಜೇಡಿ ತಂದು ಸಾಲಿಗೆಲ್ಲ ಹಂಚುವವಳೇ ಅವಳು, ಎರಡು ವಾರದಿಂದ ಮುಗಿದುಹೋಯಿತು ಅನ್ನುತ್ತಾಳೆ, ನಾವೆಲ್ಲ ಹಿಂದೆ ಕೊಟ್ಟದ್ದರಲ್ಲೇ ಬಳಿಯುತ್ತಿದ್ದೇವೆ ಎಂದು ಪಕ್ಕದ ಮನೆಯ ಸೋಮಮ್ಮ ಹೇಳಿದಳು.

ಅವಳನ್ನು ಕರೆಸಿದರು. ಸುಳ್ಳು ಹೇಳಲು ಅವಳಿಗೆ ಬರಲಿಲ್ಲ.

"ಬೆರೆಸಿದ್ದು ನೀನೇನಾ?"

"ಊಂ ಸ್ವಾಮಿ."

"ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ. ಅಳದಿ ಬಂದಾಗ್ಲೆಲ್ಲ ಅಯ್ನೋರು ಮಕ ಬಾಡುಸ್ಕೊಂಡು ಕೂತ್ಕತಿದ್ರು. ಇದು ಜಾಸ್ತಿಯಾದ್ರೆ ಕಾರ್ಕಾನೆ ನಿಲ್ತದೆ ಅಂತ ಅವರೇ ಅಂದಿದ್ರು. ಅದ್ಕೆ ಕಮ್ಮಿ ಮಾಡ್ದೆ."

ಬಾಗಿಲಲ್ಲಿ ನಿಂತಿದ್ದ ಕಸ್ತೂರಿರಂಗ ತಲೆ ತಗ್ಗಿಸಿದ. ಮಾದರಿ ಕೆಟ್ಟಿತ್ತು, ಬೇರೆ ಕಳಿಸುತ್ತೇನೆ ಎಂದು ಅವನು ಹೊಡೆದಿದ್ದ ತಂತಿಗೆ ನಾಲ್ಕೂ ನಲವತ್ತಕ್ಕೆ ಮುಂಬಯಿಯಿಂದ ಉತ್ತರ ಬಂತು. ಮಾದರಿಯನ್ನೇ ನಂಬಲಾಗದ ಕಡೆ ಕೆಲಸ ನಡೆಸುವುದಿಲ್ಲ ಎಂದಿತ್ತು. ಕಾರ್ಖಾನೆ ಅಲ್ಲಿಗೆ ಮುಗಿಯಿತು.

ಜೇಡಿಯಲ್ಲಿರುವ ಸಿಲಿಕಾವೇ ಕಾರ್ಖಾನೆಗೆ ಮುಳುವಾಯಿತು ಎಂಬುದನ್ನು ಮಹದೇವಯ್ಯನವರೇ ಅವಳಿಗೆ ತಿಳಿಯುವ ಹಾಗೆ ಹೇಳಿದರು. ಹೇಳದಿದ್ದರೇ ಚೆನ್ನಾಗಿತ್ತು ಎಂದು ಆಮೇಲೆ ಅವರಿಗೆ ಅನ್ನಿಸಿತು.

"ಎಲ್ಡು ವರ್ಸ ಕುಟ್ಟಿದ್ದೀನಿ ಸ್ವಾಮಿ," ಎಂದಳು. "ಬಿಳೀದೇ ಕೆಟ್ಟದ್ದು ಅಂತ ಒಬ್ರಾದ್ರೂ ಯೋಳ್ಬಾರ್ದಾಗಿತ್ತಾ?"

ಐದೂ ಹತ್ತಕ್ಕೆ ದಸ್ತಗಿರಿಯಾಯಿತು.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಉಳಿದದ್ದು ತಿಳಿಯಿತು. ಗಂಡ ತೀರಿಕೊಂಡ ಮೇಲೆ ಆರು ವರ್ಷ ಹಲಗೂರಿನ ಹತ್ತಿರ ಭಾವನ ಮನೆಯಲ್ಲಿದ್ದಳು. ಅಲ್ಲಿ ಅವಳು ಮಲಗುವ ಕೊಟ್ಟಿಗೆಗೆ ಬಾಗಿಲಿರಲಿಲ್ಲ. ಒಳಗಿನಿಂದ ಅಗುಳಿ ಹಾಕಿಕೊಂಡು ಮಲಗಿದ್ದು ಈ ಸಾಲುಮನೆಗೆ ಬಂದಮೇಲೆಯೇ. ಆ ಅಗುಳಿಗಾಗಿ ಅವಳು ಜೇಡಿ ಬೆರೆಸಿದ್ದಳು.

ದಸ್ತಗಿರಿಯ ಸುದ್ದಿ ಯಾರಿಗೆ ಮುಟ್ಟಿಸಬೇಕು ಎಂಬ ಖಾನೆ ಉಳಿದಿತ್ತು. ಅವಳಿಗೆ ಇದ್ದದ್ದು ಭಾವ ಒಬ್ಬನೇ.

"ಅವನೆಸ್ರು ಬರೀಬ್ಯಾಡಿ," ಎಂದಳು.

ಖಾನೆ ಖಾಲಿ ಬಿಡುವಂತಿರಲಿಲ್ಲ. ಮಹದೇವಯ್ಯ ಭಾವನ ಹೆಸರನ್ನೇ ಬರೆದರು.