ದೂರು ಪೆಟ್ಟಿಗೆಯ ನೀಲಿ ಗೆರೆ

ಪೆಟ್ಟಿಗೆ ಖಾಲಿಯಾಗಿತ್ತು.

ತಪಾಸಣೆಯ ಮೇಡಂ ಬೀಗ ತೆಗೆದರು, ಮುಚ್ಚಳ ಎತ್ತಿದರು, ಒಳಗೆ ಕೈಯಾಡಿಸಿದರು. ಒಂದು ಚೀಟಿಯೂ ಸಿಗಲಿಲ್ಲ. ಸುತ್ತ ನಿಂತಿದ್ದ ಮೂವತ್ತನಾಲ್ಕು ಜನ ಕೆಲಸಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪಕ್ಕದಲ್ಲಿದ್ದ ಖರೀದಿ ಮೇನೇಜರಿಗೆ ಒಳಗೊಳಗೇ ಖುಷಿಯಾಯಿತು. ದೂರು ಇಲ್ಲವೆಂದರೆ ತಕರಾರಿಲ್ಲ. ಊಟದ ಹೊತ್ತಿಗೆ ವಾಪಸ್ಸು ಹೊರಡಬಹುದು. ಅವರದು ಬಣ್ಣ ಬಳಿಯುವ ಬ್ರಷ್ಷು ತಯಾರಿಸುವ ಕಾರ್ಖಾನೆ. ಬ್ರಷ್ಷಿನ ಮರದ ಹಿಡಿಗಳೆಲ್ಲ ಬರುವುದು ಈ ಶೆಡ್ಡಿನಿಂದ. ತನಗೆ ಮಾಲು ಕೊಡುವ ಪ್ರತಿಯೊಂದು ಶೆಡ್ಡಿನಲ್ಲೂ ಇಂಥದೊಂದು ಕಬ್ಬಿಣದ ಪೆಟ್ಟಿಗೆ ಇರಬೇಕೆಂದು ಕಾರ್ಖಾನೆ ನಿಯಮ ಮಾಡಿತ್ತು. ಕೆಲಸಗಾರರು ಹೆಸರು ಬರೆಯದೆ ತಮ್ಮ ಕಷ್ಟ ಬರೆದು ಹಾಕಬಹುದು. ಬೀಗದ ಕೈ ಒಂದೇ ಒಂದು, ಅದು ಇರುವುದು ಮೇಡಂ ಚೀಲದಲ್ಲಿ. ತಿಂಗಳಿಗೊಮ್ಮೆ ಎಲ್ಲರ ಎದುರಿಗೇ ಪೆಟ್ಟಿಗೆ ತೆರೆಯಬೇಕು.

ಆ ಮರ ಎಲ್ಲಿಂದ ಬಂತು, ಕೊಳೆ ನೀರು ಎಲ್ಲಿಗೆ ಹೋಯಿತು, ಕೂತು ಕೆಲಸ ಮಾಡುವವರ ಬೆನ್ನು ಹೇಗಿದೆ ಎಂದು ಕಾರ್ಖಾನೆಯ ಪರವಾಗಿ ಊರೂರು ತಿರುಗಿ ನೋಡುವುದೇ ಮೇಡಂ ಕೆಲಸ. ಜನ ಅವರಿಗೆ ಭೂತಗನ್ನಡಿ ಎಂದು ಅಡ್ಡಹೆಸರಿಟ್ಟಿದ್ದರು. ಮೇನೇಜರಿಗೂ ಒಂದು ಅಡ್ಡಹೆಸರಿತ್ತು: ಕೆಂಪುಶಾಯಿ. ವಾಪಸ್ಸು ಕಳಿಸುವ ಮಾಲಿನ ಕಾಗದಕ್ಕೆ ಅವರು ಹಾಕುತ್ತಿದ್ದ ಸಹಿಯಿಂದ ಬಂದದ್ದು. ಅದು ಅವರಿಗೆ ಗೊತ್ತಿರಲಿಲ್ಲ.

"ಯಾರಿಗೂ ಏನೂ ಕಷ್ಟ ಇಲ್ಲ ಅಂತಾಯ್ತು," ಎಂದರು ಮೇನೇಜರು. "ಹೊರಡೋಣ್ವಾ?"

ಮೇಡಂ ಕಾಲು ಕೀಳಲಿಲ್ಲ. ಪೆಟ್ಟಿಗೆಯ ತಳ ತೋರಿಸಿದರು. ಸೀಳಿನಿಂದ ಬಿದ್ದ ಮರದ ದೂಳು ತೆಳ್ಳಗೆ ಹರಡಿತ್ತು. ಆದರೆ ನಡುವೆ ಅಲ್ಲಲ್ಲಿ ಬೆರಳಗಲದ ಚೌಕಗಳು ಸ್ವಚ್ಛವಾಗಿದ್ದವು. ಅಲ್ಲಿ ಏನೋ ಇತ್ತು. ಈಗ ಇಲ್ಲ.

ಅವರು ಮೂಲೆಯಲ್ಲಿದ್ದ ಬುಟ್ಟಿಯಿಂದ ಕತ್ತರಿಸಿ ಬಿಸಾಕಿದ ಮರದ ತುಂಡುಗಳನ್ನು ತಂದು ಎಲ್ಲರಿಗೂ ಒಂದೊಂದು ಕೊಟ್ಟರು. ಉಗ್ರಾಣದ ಕೋಣೆಯಲ್ಲಿ ಒಂದು ಡಬ್ಬಿ ಇಟ್ಟು ಬಾಗಿಲು ಮುಂದೆ ಮಾಡಿದರು. ಒಬ್ಬೊಬ್ಬರೇ ಒಳಗೆ ಹೋಗಿ ಬರಬೇಕು. ಈ ತಿಂಗಳು ಚೀಟಿ ಹಾಕಿದವರು ತುಂಡನ್ನು ಡಬ್ಬಿಗೆ ಹಾಕಬೇಕು, ಹಾಕದವರು ಜೇಬಿನಲ್ಲೇ ಇಟ್ಟುಕೊಂಡು ಬರಬೇಕು. ಯಾರು ಏನು ಬರೆದರೆಂದು ಯಾರೂ ಕೇಳುವುದಿಲ್ಲ. ಮಕ್ಕಳಾಟದಂತೆ ನಗುತ್ತಲೇ ಸಾಲು ಮುಗಿಯಿತು.

ಡಬ್ಬಿಯಲ್ಲಿ ಏಳು ತುಂಡುಗಳಿದ್ದವು.

ಏಳು ಚೀಟಿ ಕಳುವಾಗಿದ್ದವು. ಬೀಗ ಮುರಿದಿರಲಿಲ್ಲ. ಹಾಗಾದರೆ ತೆಗೆದವರು ಯಾರು? ಹೇಗೆ?

ಶೆಡ್ಡಿನ ಯಜಮಾನನ ಕೋಣೆಯಲ್ಲಿ ವಿಚಾರಣೆ ಶುರುವಾಯಿತು. ಯಜಮಾನ ದಪ್ಪ ಮೈಯ, ಮೆತ್ತಗಿನ ದನಿಯ ಮನುಷ್ಯ. ಕುರ್ಚಿಗಳನ್ನು ತಾನೇ ಒರೆಸಿ ಕೊಟ್ಟು ತಾನು ನಿಂತೇ ಇದ್ದ. ನಲ್ಲಿಯ ಪಕ್ಕದಲ್ಲಿರುವ ಆ ಪೆಟ್ಟಿಗೆಯ ಹತ್ತಿರ ತಾನು ನೀರು ಕುಡಿಯುವುದಕ್ಕೂ ಹೋಗುವುದಿಲ್ಲ, ಹೋದರೆ ಜನ ಬರೆಯಲು ಹಿಂಜರಿಯುತ್ತಾರೆ ಎಂದು ಮೇಡಂ ಹೇಳಿದಂದಿನಿಂದ ಮನೆಯಿಂದಲೇ ನೀರು ತರುತ್ತಿದ್ದೇನೆ ಎಂದ. ಮೇಜಿನ ಮೇಲೆ ಬಾಟಲಿ ಇತ್ತು.

ಮೇನೇಜರು ಅದನ್ನು ನಂಬಲಿಲ್ಲ. ಯಜಮಾನನ ಬಾಯಿಂದ ಬರುವ ಮಾತಿಗಿಂತ ಪೆಟ್ಟಿಗೆಯೇ ಹೆಚ್ಚು ಹೇಳೀತು ಎನಿಸಿ ಒಬ್ಬರೇ ಎದ್ದು ಹೋಗಿ ಅದನ್ನು ತಿರುಗಿಸಿ ಮಗುಚಿ ನೋಡಿದರು. ಪತ್ತೆ ಕೆಲಸ ಇಷ್ಟು ಹಿತವಾಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಕಂಡೇಬಿಟ್ಟಿತು. ಚೀಟಿ ಹಾಕುವ ಸೀಳಿನ ಒಳಂಚಿನಲ್ಲಿ, ಮೇಲೂ ಕೆಳಗೂ, ತೆಳ್ಳಗಿನ ನೀಲಿ ಗೆರೆ.

"ಮೇಡಂ, ಇಲ್ಲಿ ಬನ್ನಿ. ಬಣ್ಣ ಮೆತ್ತಿದ ಕಡ್ಡಿ ತೂರಿಸಿದ್ದಾರೆ. ಅಂಟಿಗೆ ಚೀಟಿ ಹತ್ತಿಕೊಂಡು ಬಂದಿದೆ. ಇಲ್ಲಿ ನೀಲಿ ಬಣ್ಣದಲ್ಲಿ ಕೈಯಾಡಿಸೋರು ಯಾರು?"

ಮೇಡಂ ಬೆರಳಿಗೆ ನೀರು ಮುಟ್ಟಿಸಿ ಆ ಗೆರೆಯನ್ನು ಒಂದು ಕಡೆ ಉಜ್ಜಿದರು. ಬೆರಳು ನೋಡಿಕೊಂಡರು.

ನೀಲಿಯಲ್ಲಿ ಕೈಯಾಡಿಸುವವನು ಯಜಮಾನನ ಹೆಂಡತಿಯ ತಮ್ಮ. ಬಣ್ಣದ ಕೋಣೆಯ ಉಸ್ತುವಾರಿ ಅವನದು. ಹಿಡಿಗಳನ್ನು ಕೊಕ್ಕೆಗೆ ಸಿಕ್ಕಿಸಿ ಬಣ್ಣದ ತೊಟ್ಟಿಯಲ್ಲಿ ಅದ್ದಿ ನೇತುಹಾಕುವ ಕೆಲಸ. ಕರೆದಾಗ ಮೊಣಕೈವರೆಗೂ ನೀಲಿಯಾಗಿಯೇ ಬಂದು ನಿಂತ. ಆ ಕೋಣೆಯ ಬಾಗಿಲು ತೆರೆದಾಗ ಬಣ್ಣದ ಘಾಟು ಮೂಗಿಗೆ ಹೊಡೆದು ಮೇನೇಜರು ಕರವಸ್ತ್ರ ಹುಡುಕಿದರು. ಗೋಡೆಯಲ್ಲಿ ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನು ಇತ್ತು. ತಿರುಗುತ್ತಿರಲಿಲ್ಲ.

"ಕೆಟ್ಟಿದೆಯಾ?" ಕೇಳಿದರು ಮೇಡಂ.

"ಇಲ್ಲ. ನಾವೇ ನಿಲ್ಸಿದೀವಿ."

"ಯಾಕೆ?"

ಅವನು ಭಾವನ ಕಡೆ ನೋಡಿದ, ಆಮೇಲೆ ಮೇನೇಜರ ಕಡೆ. "ಫ್ಯಾನ್ ಹಾಕಿದ್ರೆ ಆಚೆಯಿಂದ ಮರದ ದೂಳು ಎಳ್ಕೊಂಡು ಬರುತ್ತೆ ಸಾರ್. ಹಸಿ ಬಣ್ಣದ ಮೇಲೆ ಚುಕ್ಕೆ ಕೂರುತ್ತೆ. ಚುಕ್ಕೆ ಇದೆ ಅಂತ ಎರಡು ಸಲ ಪೂರ್ತಿ ಮಾಲು ವಾಪಸ್ ಬಂತು."

ವಾಪಸ್ಸು ಕಳಿಸಿದ್ದು ತಾವೇ ಎಂದು ಮೇನೇಜರಿಗೆ ನೆನಪಾಯಿತು. ಆದರೆ ಈಗ ವಿಷಯ ಅದಲ್ಲ. ಕಾರಣ ಸಿಕ್ಕಿತ್ತು. ಬಣ್ಣ ಸಿಕ್ಕಿತ್ತು. ಘಾಟಿನ ಬಗ್ಗೆ ಯಾರೋ ದೂರು ಬರೆದಿರಬೇಕು, ದೂರು ಹೊರಬಿದ್ದರೆ ಮೊದಲು ಸಿಕ್ಕಿಬೀಳುವವನು ಇವನೇ. ಇನ್ನೇನು ಬೇಕು?

"ಚೀಟಿಗಳನ್ನ ಎಲ್ಲಿಟ್ಟಿದ್ದೀಯ?" ಎಂದು ನೇರವಾಗಿ ಕೇಳಿದರು.

"ಆ ಏಳರಲ್ಲಿ ಒಂದು ನಂದೇ ಸಾರ್," ಎಂದ. "ಸಾಯಂಕಾಲ ಆದ್ರೆ ತಲೆ ಸಿಡಿಯುತ್ತೆ. ನನ್ನ ಜೊತೆ ಅದ್ದೋ ಇಬ್ಬರು ಹೆಂಗಸರಿಗೂ ಅದೇ ಗತಿ. ಅದನ್ನೇ ಬರೆದು ಹಾಕಿದ್ದೆ. ನಂದೇ ಚೀಟಿ ನಾನೇ ಯಾಕೆ ಕದೀಲಿ?"

ಯಜಮಾನನ ಮುಖ ಇಷ್ಟೇ ಇಷ್ಟಾಯಿತು. ಮನೆಯವನಾಗಿ ಪೆಟ್ಟಿಗೆಗೆ ಹಾಕುವ ಬದಲು ತನಗೆ ಹೇಳಬಾರದಿತ್ತೇ ಎಂದು ಕೇಳಿದ. ಹೇಳಿದ್ದೆನಲ್ಲ ಭಾವ, ನೀವೇ ಮಾಲು ವಾಪಸ್ಸು ಬಂದರೆ ಎಲ್ಲರ ಹೊಟ್ಟೆ ಮೇಲೆ ಕಲ್ಲು ಬೀಳುತ್ತದೆ, ಸ್ವಲ್ಪ ದಿನ ತಡಕೋ ಅಂದಿರಿ ಎಂದು ಇವನು ಉತ್ತರಿಸಿದ.

ಮೇನೇಜರ ಪತ್ತೆದಾರಿಕೆ ಅಲ್ಲಿಗೆ ನೆಲ ಕಚ್ಚಿತು.

ಮೇಡಂ ಮಾತ್ರ ಏನೂ ಆಗದವರಂತೆ ಶೆಡ್ಡು ಸುತ್ತಲು ಹೊರಟರು. ಒಂದು ಹಿಡಿ ಮರದ ತುಂಡಾಗಿ ಬಂದಾಗಿನಿಂದ ಹೊರಗೆ ಹೋಗುವವರೆಗೆ ಏನೇನಾಗುತ್ತದೆಂದು ದಾರಿಯುದ್ದಕ್ಕೂ ಕೇಳಿದರು. ಮೊದಲು ಯಂತ್ರದಲ್ಲಿ ಕಡೆಯುತ್ತಾರೆ. ಆಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡುತ್ತಾರೆ. ಒಂದು ಸಲ ಬಣ್ಣದಲ್ಲಿ ಅದ್ದಿ ಒಣಗಿಸುತ್ತಾರೆ. ಒಣಗಿದ ಮೇಲೆ ಆ ಬಣ್ಣವನ್ನೇ ಮತ್ತೊಮ್ಮೆ ಹಗುರವಾಗಿ ಉಜ್ಜಬೇಕು, ಆಗಲೇ ಎರಡನೆಯ ಸಲದ ಬಣ್ಣ ಗಟ್ಟಿಯಾಗಿ ಕೂರುವುದು. ಕೈ ಭಾರವಾದರೆ ಮರ ಕಾಣಿಸಿಬಿಡುತ್ತದೆ.

"ಆ ಎರಡನೇ ಉಜ್ಜು ಯಾರು ಮಾಡೋದು?" ಮೇಡಂ ಕೇಳಿದರು.

"ದೊಡ್ಡಮ್ಮ ಒಬ್ಬರೇ," ಎಂದ ಯಜಮಾನ. "ಅಷ್ಟು ಹಗುರ ಕೈ ಇಲ್ಲಿ ಇನ್ಯಾರಿಗೂ ಇಲ್ಲ."

ದೊಡ್ಡಮ್ಮ ಯಾರ ದೊಡ್ಡಮ್ಮನೂ ಅಲ್ಲ. ಶೆಡ್ಡು ಕಟ್ಟುವ ಮೊದಲೇ, ಯಜಮಾನನ ತಂದೆ ಅಂಗಳದಲ್ಲಿ ಹಿಡಿ ಕಡೆಯುತ್ತಿದ್ದ ಕಾಲದಿಂದ ಇದ್ದವರು. ಹೋದ ವರ್ಷ ಪೆಟ್ಟಿಗೆ ಬಂದಾಗ, ಹೆದರಬೇಡಿ, ಬರೆಯಿರಿ ಎಂದು ಎಲ್ಲರಿಗೂ ಧೈರ್ಯ ತುಂಬಿದ್ದೂ ಅವರೇ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಕಿಟಕಿಯ ಪಕ್ಕ ಕೂತಿದ್ದರು.

ಊಟದ ಗಂಟೆ ಹೊಡೆಯಿತು. ಜನ ಡಬ್ಬಿ ಹಿಡಿದು ಹೊರಗಿನ ಜಗಲಿಗೆ ನಡೆದರು. ಯಜಮಾನನನ್ನೂ ಊಟಕ್ಕೆ ಕಳಿಸಿ ಮೇಡಂ ದೊಡ್ಡಮ್ಮನ ಎದುರಿಗೆ ಕಾಲುಮಣೆ ಎಳೆದುಕೊಂಡು ಕೂತರು. ಮೇನೇಜರು ಹಿಂದೆ ನಿಂತರು.

"ದೊಡ್ಡಮ್ಮ," ಎಂದರು ಮೇಡಂ, ನೀರು ಕೇಳುವಷ್ಟು ಮೆತ್ತಗೆ, "ಆ ಏಳು ಚೀಟಿ ನನ್ನ ಕೈಗೆ ಕೊಡ್ತೀರಾ?"

ದೊಡ್ಡಮ್ಮನ ಕೈ ನಿಲ್ಲಲಿಲ್ಲ. ಹಿಡಿದಿದ್ದ ಹಿಡಿಯನ್ನು ಪೂರ್ತಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಬುಟ್ಟಿಗೆ ಹಾಕಿದರು. ಆಮೇಲೆ ಊಟದ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಮೇಡಂ ಮಡಿಲಲ್ಲಿಟ್ಟರು. "ಬಿಚ್ಚಿ ನೋಡಿಲ್ಲ ಮಗಳೇ. ಒಂದರಲ್ಲಿ ಏನಿದೆ ಅಂತ ಗೊತ್ತು, ಅದು ನಾನೇ ಬರೆದಿದ್ದು."

ಮೇನೇಜರು ಪಕ್ಕದ ಮಣೆಯ ಮೇಲೆ ಕೂತರು. "ಇವರು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಬಣ್ಣ ಅಂತ ನೀವು ಅಂದ್ರಿ. ನಾನೂ ಮೊದಲು ಹಾಗೇ ಅಂದ್ಕೊಂಡೆ," ಎಂದರು ಮೇಡಂ. "ಬಣ್ಣ ಆಗಿದ್ರೆ ಕಬ್ಬಿಣಕ್ಕೆ ಕಚ್ಚಿಕೊಂಡು ಒಣಗಿರಬೇಕಿತ್ತು, ನೀರಿಗೆ ಬಿಡ್ತಾ ಇರಲಿಲ್ಲ. ಒದ್ದೆ ಬೆರಳಿಗೆ ಅದು ಹಿಟ್ಟಿನ ಹಾಗೆ ಬಂತು. ಅದು ಬಣ್ಣ ಅಲ್ಲ, ಬಣ್ಣದ ಪುಡಿ. ಒಣಗಿದ ಬಣ್ಣ ಉಜ್ಜಿದಾಗ ಬೀಳೋದು. ಬಣ್ಣದ ಕೋಣೆಯಲ್ಲಿ ಪುಡಿ ಎಲ್ಲಿಂದ ಬರಬೇಕು?"

ಮೇನೇಜರು ದೊಡ್ಡಮ್ಮನ ಮಡಿಲು ನೋಡಿದರು. ಸೀರೆಯ ಮೇಲೆ ಹಾಸಿದ ಬಟ್ಟೆಯಿಡೀ ನೀಲಿ ಪುಡಿ. ಬೆಳಗಿನಿಂದ ನಾಲ್ಕು ಸಲ ಅದರ ಮುಂದೆಯೇ ಓಡಾಡಿದ್ದರು.

"ಚೀಟಿ ಹಾಕುವಾಗ ಕೈಯಿಂದ ಅಂಟಿರಬಹುದಲ್ಲ?" ಸೋಲಲು ಮನಸ್ಸಿಲ್ಲದೆ ಕೇಳಿದರು.

"ಬೆರಳು ಸೀಳಿನ ಒಳಗೆ ಹೋಗಲ್ಲ. ಒಳಂಚಿಗೆ ಹತ್ತಬೇಕಾದ್ರೆ ತೆಳ್ಳಗಿರೋದು ಏನಾದ್ರೂ ಹೋಗಿ ಬಂದಿರಬೇಕು." ಮೇಡಂ ದೊಡ್ಡಮ್ಮನ ಮಗ್ಗುಲಲ್ಲಿದ್ದ ಎರಡು ಕಡ್ಡಿಗಳನ್ನು ಎತ್ತಿ ತೋರಿಸಿದರು. ಹಿಡಿಯ ಕುತ್ತಿಗೆಯ ಸಂದು ಉಜ್ಜಲು ಉಪ್ಪುಕಾಗದ ಸುತ್ತಿದ ಚಪ್ಪಟೆ ಕಡ್ಡಿಗಳು ಅವು. ಎರಡನ್ನೂ ಇಕ್ಕಳದಂತೆ ಹಿಡಿದು ಒಂದು ಕಾಗದ ಎತ್ತಿದರು. ತರಿ ತರಿ ಮೈಗೆ ಕಾಗದ ಗಟ್ಟಿಯಾಗಿ ಕಚ್ಚಿಕೊಂಡಿತು.

"ಆದ್ರೆ ಯಾಕೆ?" ಎಂದರು ಮೇನೇಜರು. "ಬರೆಯಿರಿ ಅಂದೋರೂ ನೀವೇ, ಬರೆದೋರೂ ನೀವೇ."

ದೊಡ್ಡಮ್ಮ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರು. ಹೇಳಲೋ ಬೇಡವೋ ಎಂಬಂತೆ ಮೇನೇಜರನ್ನೇ ನೋಡಿದರು. ಆಮೇಲೆ ನಿಧಾನವಾಗಿ, ಯಾರನ್ನೂ ಆಡಿಕೊಳ್ಳದ ದನಿಯಲ್ಲಿ ಹೇಳಿದರು. ಹದಿನೈದು ದಿನದ ಹಿಂದೆ ಮೇನೇಜರು ಮಾಲು ನೋಡಲು ಬಂದಿದ್ದರು. ನೀರಿನ ನಲ್ಲಿಯ ಹತ್ತಿರ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು. "'ಇಲ್ಲಿಂದ ಇನ್ನೊಂದು ದೂರು ಬರಲಿ, ಪಟ್ಟಿಯಿಂದಲೇ ತೆಗೆದುಹಾಕಿಬಿಡೋಣ. ಹಿಡಿ ಮಾಡೋರು ಬೇಕಾದಷ್ಟು ಜನ ಸಿಗ್ತಾರೆ.' ಹೀಗಂದ್ರಿ ಸಾರ್. ನಾನು ಇದೇ ಕಿಟಕೀಲಿ ಕೂತಿದ್ದೆ. ಒಂದು ಫ್ಯಾನಿಗೋಸ್ಕರ ಮೂವತ್ತನಾಲ್ಕು ಮನೆ ಒಲೆ ಆರಿಸೋಕೆ ನನಗೆ ಕೈ ಬರಲಿಲ್ಲ. ಸರಿ ಹೋಗಲಿ ಅಂತಾನೇ ಬರೀರಿ ಅಂದಿದ್ದು. ಬರೆದ್ರೆ ಬೀದಿಗೆ ಬೀಳ್ತೀವಿ ಅಂತ ಗೊತ್ತಿರಲಿಲ್ಲ."

ಆ ಮಾತು ಆಡಿದ್ದು ಮೇನೇಜರಿಗೆ ನೆನಪೂ ಇರಲಿಲ್ಲ. ದಿನಕ್ಕೆ ಹತ್ತು ಸಲ ಆಡುವ ಮಾತು ಅದು.

"ಚೀಟಿ ತೆಗೆದ ಕೈ ದೊಡ್ಡಮ್ಮನದು," ಎಂದರು ಮೇಡಂ, ಗಂಟು ಬಿಚ್ಚುತ್ತಾ. "ತೆಗೆಸಿದ ಮಾತು ನಿಮ್ಮದು. ಫ್ಯಾನು ನಿಲ್ಲಿಸಿದ ಸಹಿಯೂ ನಿಮ್ಮದೇ. ಕಳ್ಳರು ಯಾರು ಅಂತ ನೀವೇ ಹೇಳಿ."

ಮೇನೇಜರು ನೆಪ ಹುಡುಕಿದರು. ಒಂದೂ ಸಿಗಲಿಲ್ಲ. ವಿಚಿತ್ರವೆಂದರೆ ಅದರಿಂದ ಎದೆ ಭಾರವಾಗುವ ಬದಲು ಹಗುರವಾಯಿತು.

"ತಪ್ಪಾಯ್ತು ದೊಡ್ಡಮ್ಮ," ಎಂದರು.

ಏಳು ಚೀಟಿಗಳನ್ನು ಬರೆದವರ ಗುರುತು ಸಿಗದಂತೆ ಮೇಡಂ ತಾವೇ ಓದಿದರು. ಐದು ಘಾಟಿನ ಬಗ್ಗೆ, ಒಂದು ಕೂರುವ ಮಣೆಯ ಎತ್ತರದ ಬಗ್ಗೆ. ಏಳನೆಯದರಲ್ಲಿ, ಯಜಮಾನರು ಹಾಡು ಹಾಕುವಾಗ ಒಂದೇ ಹಾಡು ದಿನವಿಡೀ ಹಾಕಬಾರದು ಎಂದಿತ್ತು. ಆಮೇಲೆ ಅದನ್ನು ಕೇಳಿದ ಯಜಮಾನ ಅದು ಯಾರದೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ.

ಊಟ ಮುಗಿಸಿ ಬಂದವರನ್ನು ಮೇನೇಜರು ತಾವೇ ನಿಲ್ಲಿಸಿ ಮಾತಾಡಿದರು. ಚೀಟಿ ತೆಗೆದವರ ಹೆಸರು ಹೇಳಲಿಲ್ಲ. ತೆಗೆಯುವ ಹೆದರಿಕೆ ಹುಟ್ಟಿಸಿದವನು ನಾನು ಎಂದರು. ದೂರು ಬಂತೆಂದು ಈ ಶೆಡ್ಡನ್ನು ಕೈಬಿಡುವುದಿಲ್ಲ, ದೂರು ಬಂದಮೇಲೆ ಕಾರ್ಖಾನೆಯವರು, ಶೆಡ್ಡಿನವರು ಇಬ್ಬರೂ ಸೇರಿ ಸರಿಪಡಿಸುತ್ತೇವೆ ಎಂದರು. ಉಜ್ಜುವ ಕೆಲಸ ಹಿಂದಿನ ಕೋಣೆಗೆ ಹೋಗಬೇಕು, ನಡುವೆ ಗೋಡೆ ಏಳಬೇಕು, ಒಳಬರುವ ಗಾಳಿಗೆ ಜರಡಿ ಬಟ್ಟೆ ಕಟ್ಟಬೇಕು. ಅದಕ್ಕೆ ಕಾರ್ಖಾನೆಯ ಎಂಜಿನಿಯರನ್ನು ನಾಳೆಯೇ ಕಳಿಸುವುದಾಗಿ ಒಪ್ಪಿಕೊಂಡರು. ಅದೆಲ್ಲ ಆಗುವವರೆಗೆ ಫ್ಯಾನು ತಿರುಗಲಿ, ಹಿಡಿಯ ಮೇಲೆ ಚುಕ್ಕೆ ಕೂತರೆ ಕೂರಲಿ.

"ಆಗ ವಾಪಸ್ ಕಳಿಸಲ್ವಾ ಸಾರ್?" ಯಜಮಾನನ ಭಾವಮೈದ ಕೇಳಿದ.

"ಬ್ರಷ್ಷು ಕೊಳ್ಳೋರು ಕೂದಲು ನೋಡ್ತಾರೆ. ಹಿಡಿ ಮೇಲಿನ ಚುಕ್ಕೆ ನೋಡ್ತಾ ಇದ್ದಿದ್ದು ನಾನೊಬ್ಬನೇ."

ಮೂಲೆಯಲ್ಲಿ ಯಾರೋ ಕೆಂಪುಶಾಯಿ ಎಂದು ಪಿಸುಗುಟ್ಟಿದರು, ಒಂದಿಬ್ಬರು ನಕ್ಕರು. ಮೇನೇಜರಿಗೆ ಅರ್ಥವಾಯಿತು. ಅವರೂ ನಕ್ಕರು.

ಭಾವಮೈದ ಗುಂಡಿ ಒತ್ತಿದ. ಫ್ಯಾನು ಗೊರಗೊರ ಎಂದು ಎರಡು ಸಲ ತಡವರಿಸಿ ತಿರುಗತೊಡಗಿತು.

ಗೋಡೆಯ ಕೆಲಸದಿಂದ ಈ ತಿಂಗಳ ಮಾಲು ಐದು ದಿನ ತಡವಾಗುವುದು ಖಂಡಿತವಾಗಿತ್ತು. ವಾಪಸ್ಸು ಹೋಗುವ ದಾರಿಯಲ್ಲಿ ಮೇನೇಜರು ಮಾರಾಟ ವಿಭಾಗದ ಮುಖ್ಯಸ್ಥರಿಗೆ ಫೋನು ಮಾಡಿ ಅದನ್ನು ಹೇಳಿದರು. ತಪ್ಪು ಶೆಡ್ಡಿನವರದಲ್ಲ, ತಮ್ಮದು ಎಂದೂ ಹೇಳಿದರು. ಆ ಕಡೆಯಿಂದ ಬೈಗುಳ ಶುರುವಾಯಿತು. ಕಾಲು ಗಂಟೆಯಾದರೂ ನಿಲ್ಲಲಿಲ್ಲ. ಮೇನೇಜರು ಹೂಂ ಎನ್ನುತ್ತಾ ಸೀಟಿಗೆ ಒರಗಿ, ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡವರಂತೆ ಆರಾಮಾಗಿ ಕೇಳುತ್ತಾ ಕೂತರು.